ಗೋದಲಿಯ ಬಾಣಂತಿ

ಮನೆಯಲ್ಲಿ ಕಟ್ಟಿದ್ದ ಕ್ರಿಸ್‌ಮಸ್ ಗೋದಲಿಯಲ್ಲಿ ಬಾಲಯೇಸು ಇದ್ದ, ಕುರಿಗಳಿದ್ದವು, ಅವನ ತಾಯಿ ಮರಿಯಮ್ಮನ ಗೊಂಬೆ ಮಾತ್ರ ಇರಲಿಲ್ಲ. ನಾನು ಒಬ್ಬನೇ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಭದ್ರಾವತಿಯ ನಮ್ಮ ಕ್ವಾರ್ಟರ್ಸಿಗೆ ಆಗಷ್ಟೇ ಮರಳಿದ್ದೆ. ಹೆಂಡತಿ ಹೆತ್ತು ಒಂಬತ್ತು ದಿನವಾಗಿತ್ತು. ಆ ವರ್ಷದ ಹಬ್ಬಕ್ಕೆ ಸದ್ದೇ ಇರಲಿಲ್ಲ. ಕೂಸಿಗೆ ಹಿಡಿದ ಸಾಂಬ್ರಾಣಿ ಹೊಗೆ ಮನೆ ತುಂಬ ತೇಲುತ್ತಿತ್ತು. ಗೋದಲಿಯ ಸುತ್ತ ಮೊಳೆಸಿದ್ದ ರಾಗಿ ಪೈರು, ನಕ್ಷತ್ರದ ದೀಪ ಎಲ್ಲವೂ ಅದರೊಳಗೆ ಕನಸಿನಲ್ಲಿ ಕಂಡಂತಿದ್ದವು.

ನಾಲ್ಕು ವರ್ಷದ ಮಗಳು ಅಗ್ಗಿಷ್ಟಿಕೆಯಿಂದ ತುಸು ದೂರದಲ್ಲಿ ಕೂತಿದ್ದಳು. ಮಡಿಸಿದ ಟವೆಲಿನ ಮೇಲೆ ಗೇಣುದ್ದದ ಮರಿಯಮ್ಮನನ್ನು ಮಲಗಿಸಿ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಸುತ್ತಿ, ನನ್ನ ಕರ್ಚೀಫು ಹೊದಿಸಿದ್ದಳು.

"ಬಾಣಂತಿ ಅಲ್ವಾಪ್ಪಾ," ಎಂದಳು ಮೆಲ್ಲಗೆ. "ಅವಾಗಿಂದ ಮಂಡಿ ಊರ್ಕೊಂಡೇ ಕೂತಿದಾಳೆ. ಸೊಂಟ ನೋಯಲ್ವಾ?"

ಒಂಬತ್ತು ದಿನವೂ ನಾನು ಡ್ಯೂಟಿ ಮುಗಿಸಿ ಬಂದವನೇ ತೊಟ್ಟಿಲಿಗೆ ಬಗ್ಗುತ್ತಿದ್ದೆ. ಶಿವಮೊಗ್ಗದಿಂದ ಬಂದ ನೆಂಟರೂ ಹಾಗೇ. ಕೋಣೆಯೊಳಗೆ ಹೋದೆ. ಹೆಂಡತಿಯೂ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಪಕ್ಕದಲ್ಲಿ ಕೂತು, ಸೊಂಟ ನೋಯುತ್ತಿದೆಯಾ ಎಂದು ಕೇಳಿದೆ. ಅವಳು ನನ್ನ ಕಡೆ ಹೊರಳಿದಳು.

"ಹೂಂ ರೀ," ಎಂದಳು. "ಮೊದಲನೇ ದಿನದಿಂದ್ಲೂ."

ಇಪ್ಪತ್ತೈದು ವರ್ಷ ದಾಟಿತು. ಈಗಲೂ ಬಾಣಂತಿ ಇರುವ ಮನೆಗೆ ಹೋದರೆ ನಾನು ತೊಟ್ಟಿಲ ಹತ್ತಿರ ಆಮೇಲೆ ಹೋಗುತ್ತೇನೆ.