ಓರಗಿತ್ತಿಯ ನಾಲ್ಕನೆಯ ಬಸಿರು

ಎಮರ್ಜೆನ್ಸಿಯ ದಿನಗಳು. ತಾಯಲೂರಿನ ಹತ್ತಿರ ನಮ್ಮ ಮನೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ನಾನು ಮದುವೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಓರಗಿತ್ತಿಗೆ ಮೂರು ಮಕ್ಕಳು. ಕೊನೆಯದು ಮೊಲೆ ಬಿಡುವ ಮೊದಲೇ ನಾಲ್ಕನೆಯದು ನಿಂತಿತ್ತು.

"ಈ ಸಲ ಹೆತ್ರೆ ನಾನು ಉಳಿಯಲ್ಲ ಕಣೇ" ಎಂದಳು. ಹಿಂದಿನ ಹೆರಿಗೆಯಲ್ಲಿ ಅವಳು ಬದುಕಿದ್ದೇ ಹೆಚ್ಚು.

ಬಸಿರು ತೆಗೆಸುವುದು ಮಹಾಪಾಪವೆಂದು ಅತ್ತೆ ಬೈದರು. ದೇವರ ಮುಂದೆ ಕೆನ್ನೆ ಬಡಿದುಕೊಂಡರು. ಆಮೇಲೆ ತಾವೇ ಕದ್ದುಮುಚ್ಚಿ ಮದ್ದು ಹಾಕುವ ಮುದುಕಿಯ ಹತ್ತಿರ ಕರೆದೊಯ್ದರು. ಸುತ್ತಲ ಮನೆಗಳಲ್ಲೆಲ್ಲ ಹೀಗೆಯೇ. ದೇವರಿಗೆ ಹೆದರಿ ಒಬ್ಬಳೂ ಬಿಟ್ಟಿದ್ದನ್ನು ನಾನು ಕಾಣೆ. ಬಚ್ಚಿಡುವುದನ್ನು ಮಾತ್ರ ಎಲ್ಲರೂ ಚೆನ್ನಾಗಿ ಕಲಿತಿದ್ದರು.

ಸರ್ಕಾರಿ ಆಸ್ಪತ್ರೆಯಲ್ಲಿ ಕಾನೂನಿನ ಪ್ರಕಾರವೇ ಬಸಿರು ತೆಗೆಯುತ್ತಾರೆಂದು ನಾನು ಪೇಪರಿನಲ್ಲಿ ಓದಿದ್ದೆ. ಬಾಯಿ ಬಿಡಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಿದವರ ಮನೆಯ ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಆಪರೇಷನ್ ಮಾಡುತ್ತಾರೆಂದು ಊರೇ ನಡುಗುತ್ತಿತ್ತು. ನನಗಿನ್ನೂ ಮಗುವಾಗಿರಲಿಲ್ಲ. ಜೀಪಿನ ಸದ್ದಾದರೆ ಸಾಕು, ನನ್ನ ಗಂಡ ಎಲ್ಲಿದ್ದಾನೆಂದು ಹುಡುಕುತ್ತಿದ್ದೆ.

ಮುದುಕಿಯ ಮನೆಯಿಂದ ಬಂದವಳಿಗೆ ಮಲಗುವ ಹಾಗೂ ಇರಲಿಲ್ಲ. ಮೈಲಿಗೆಯವಳು ಹುಳುಮನೆಗೆ ಕಾಲಿಟ್ಟರೆ ಹುಳು ಸಾಯುತ್ತವೆಂದು ನಂಬಿಕೆ. ಅವಳು ಬಸಿರಿಯೆಂದು ಆಳುಗಳಿಗೆ ಗೊತ್ತಿತ್ತು. ಮುಟ್ಟಾದವಳಂತೆ ಹೊರಗೆ ಕೂತರೆ ಗುಟ್ಟು ರಟ್ಟಾಗುತ್ತಿತ್ತು.

"ದೇವುಡಾ, ತಪ್ಪಾಯ್ತು" ಎನ್ನುತ್ತಲೇ ಅತ್ತೆ ಅವಳನ್ನು ಒಳಗೆ ಕಳಿಸಿದರು. ಹಲ್ಲು ಕಚ್ಚಿಕೊಂಡು ಹುಳುಗಳಿಗೆ ಸೊಪ್ಪು ಹಾಕಿದಳು. ಮೂರನೆಯ ದಿನ ಹುಳುವಿನ ತಟ್ಟೆಗಳ ಮುಂದೆ ಕುಸಿದಳು. ಸೀರೆಯೆಲ್ಲ ರಕ್ತ, ಮೈ ಕೆಂಡ.

ಮುಳಬಾಗಿಲಿನ ಸರ್ಕಾರಿ ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯಲ್ಲಿ, "ಬಾವಿ ತಾವ ಜಾರಿ ಬಿದ್ಲು ಅನ್ನು. ಇಲ್ದಿದ್ರೆ ಪೊಲೀಸ್ರು ಬತ್ತಾರೆ" ಎಂದರು. ಡಾಕ್ಟರಮ್ಮನ ಮುಂದೆ ಹಾಗೆಯೇ ಒದರಿದೆ. ಅವರು ನಂಬಲಿಲ್ಲ.

"ಸುಳ್ಳು ಹೇಳಿದ್ರೆ ಇವಳು ಸಾಯ್ತಾಳಮ್ಮ."

ನಿಜ ಹೇಳಿ ಅತ್ತುಬಿಟ್ಟೆ.

ಓರಗಿತ್ತಿ ಉಳಿದಳು. ಎರಡು ದಿನ ಕಳೆದು ಮಾತು ಬಂದಾಗ ಡಾಕ್ಟರಮ್ಮನನ್ನು ಕೇಳಿದಳು, "ಮೊದ್ಲೇ ಬಂದಿದ್ರೆ ನೀವೇ ತೆಗೀತಿದ್ರಾ?"

"ಹೂಂ ಕಣಮ್ಮ. ಕಾನೂನೇ ಇದೆಯಲ್ಲ."

"ನಮ್ಮ ಗಂಡಸ್ರನ್ನ ಹಿಡೀತಿರ್ಲಿಲ್ವಾ?"

ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದರು. ಓರಗಿತ್ತಿ ನನ್ನ ಕಡೆ ತಿರುಗಿದಳು.

"ಪೇಪರ್ ಓದೋಳು ನೀನು. ನಿಂಗೂ ಗೊತ್ತಿರ್ಲಿಲ್ವೇನೇ?"

ಬಾಗಿಲ ಹತ್ತಿರ ನನ್ನ ಗಂಡ ನಿಂತಿದ್ದ.

"ಇಲ್ಲ ಅಕ್ಕ" ಎಂದೆ. ಅವಳು ನಂಬಿ, ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದಳು.