ಅಪೆಂಡಿಕ್ಸ್ ಯಾವ ಕಡೆ ಇರುತ್ತೆ ಮೇಡಂ?

"ಮೇಡಂ, ಅಪೆಂಡಿಕ್ಸ್ ಎಡಕ್ಕ ಇರತೈತಿ ಅಂತ ನೀವಾರ ಈ ಅಜ್ಜಿಗೆ ಹೇಳ್ರಿ. ನನ್ನ ಮಾತು ಕೇಳವಲ್ಲಳು!"

ಕಳೆದ ಸೋಮವಾರ ಬೆಳಿಗ್ಗೆ ತೆಲುಗು ನಾಡಿನ ಆದೋನಿಯ ನಮ್ಮ ಮನೆಯಲ್ಲಿ ಉಗ್ಗಾಣಿಗೆ ಮಂಡಕ್ಕಿ ನೆನೆಹಾಕುತ್ತಿದ್ದಾಗ ಬಂದ ಫೋನ್ ಇದು. ಮಾಡಿದವಳು ಈರಮ್ಮ. ಆಸ್ಪರಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್ ಆಗಿದ್ದಾಗ ಮುಂದಿನ ಬೆಂಚಿನ ಹುಡುಗಿ. ಈಗ ಹನ್ನೆರಡು ವರ್ಷದ ಮಗಳ ತಾಯಿ. ಯಾರ ಪಾಠ ಮರೆತರೂ ನನ್ನ ಪಾಠ ಮರೆಯದವಳು. (ಮರೆತಿದ್ದರೆ ಚೆನ್ನಾಗಿತ್ತು. ಅದು ಆಮೇಲೆ.)

ಮಗಳು ಭಾಗ್ಯಳಿಗೆ ಹಿಂದಿನ ದಿನದಿಂದ ಹೊಟ್ಟೆನೋವು. ಮೊದಲು ಹೊಕ್ಕುಳ ಸುತ್ತ, ಆಮೇಲೆ ಕೆಳಗೆ, ಬಲಕ್ಕೆ.

ನಮ್ಮ ಕಡೆ ಹೊಟ್ಟೆನೋವು ಅಂದರೆ ಮೊದಲ ಅನುಮಾನ ಬಟ್ಟಿಯ ಮೇಲೆ. ಭಾರ ಎತ್ತಿದರೆ, ಎಡವಿದರೆ ಹೊಕ್ಕುಳ ಹತ್ತಿರ ಮಿಡಿಯುವ 'ಬಟ್ಟಿ' ಜಾಗ ಬಿಟ್ಟು ಜಾರುತ್ತದೆ ಎಂಬುದು ನಂಬಿಕೆ. ಎಣ್ಣೆ ಹಚ್ಚಿ ತಿಕ್ಕಿ, ಹೊಟ್ಟೆಯ ಮೇಲೆ ದೀಪವಿಟ್ಟು ಚೊಂಬು ಮುಚ್ಚಿ ಅದನ್ನು ಜಾಗಕ್ಕೆ ತರುವವರು ಊರಿಗೊಬ್ಬರಾದರೂ ಇರುತ್ತಾರೆ. ಈರಮ್ಮನ ಊರಿನಲ್ಲಿ ತಾಯಮ್ಮಜ್ಜಿ. ಈರಮ್ಮ ಮಗಳನ್ನು ಅಲ್ಲಿಗೇ ಕರೆದುಕೊಂಡು ಹೋಗಿದ್ದಳು.

ವಿಚಿತ್ರ ಏನು ಗೊತ್ತಾ? ಅಜ್ಜಿ ತಿಕ್ಕಲು ಒಪ್ಪಲಿಲ್ಲ!

"ಅಪೆಂಡಿಕ್ಸ್, ಆಪರೇಷನ್ ಕೇಸು ಅಂತಾಳ್ರಿ. ನೋವು ಬಲಕ್ಕೈತಿ, ಅಪೆಂಡಿಕ್ಸ್ ಹೆಂಗಾಗತೈತಿ? ನಾನು ಚಿತ್ರ ಬರದು ಐದಕ್ಕ ಐದು ತಗೊಂಡಾಕಿ. ನನಗ ಗೊತ್ತಿಲ್ಲೇನ್ರಿ?" ಎಂದಳು ಈರಮ್ಮ.

ಫೋನ್ ಅಜ್ಜಿಗೆ ಕೊಡು ಅಂದೆ.

"ಟೀಚರಮ್ಮಾ, ಬಟ್ಟಿ ಜಾರಿದ್ರ ತಿಕ್ಕಿದಾಗ ಹಾಯ್ ಅನಸತೈತಿ. ಈ ಹುಡುಗಿ ಬಲಗಾಲು ಮಡಚಿ ಮಲಗೇತಿ. ಒತ್ತಿದಾಗಿಂತ ಕೈ ಬಿಟ್ಟಾಗ ಜಾಸ್ತಿ ಚೀರತೈತಿ. ಇದಿ ಇರವೈ ನಾಲ್ಗು ಗಂಟಲ ನೊಪ್ಪಿ. ನಾ ಮುಟ್ಟೂದಿಲ್ಲ."

(ತೆಲುಗಿನ ಈ 'ಇಪ್ಪತ್ತನಾಲ್ಕು ಗಂಟೆಯ ನೋವು' ನಮ್ಮ ಹಳ್ಳಿಗಳಲ್ಲಿ ಅಪೆಂಡಿಕ್ಸ್ ಕಾಯಿಲೆಗಿರುವ ಹೆಸರು. ತಡಮಾಡಬೇಡಿ ಎಂಬ ಎಚ್ಚರಿಕೆ ಹೆಸರಿನಲ್ಲೇ ಇದೆ.)

"ಅಜ್ಜಿ, ನೀವು ಹೇಳಿದ್ದೇ ಖರೆ. ಅಪೆಂಡಿಕ್ಸ್ ಬಲಕ್ಕೇ ಇರತೈತಿ. ಈಗಿಂದೀಗ ಆಟೋ ಮಾಡ್ಕೊಂಡು ಆದೋನಿಗೆ ಬರ್ರಿ. ದಾರ್ಯಾಗ ತಿನ್ನಾಕ ಏನೂ ಕೊಡಬ್ಯಾಡ್ರಿ" ಅಂದೆ.

ಹಿಂದಿನಿಂದ ಈರಮ್ಮನ ದನಿ ಕೇಳಿಸಿತು. "ಹಂಗಾರ ಚಾರ್ಟ್‌ನ್ಯಾಗ ಎಡಕ್ಕ ಇತ್ತಲ್ರಿ ಮೇಡಂ?"

ಚಾರ್ಟ್! ಆಸ್ಪತ್ರೆಯ ಗೇಟಿನಲ್ಲಿ ಅವರಿಗಾಗಿ ಕಾಯುತ್ತಾ ನಿಂತಾಗ ನನ್ನ ಹಳೆಯ ತರಗತಿಯೇ ಕಣ್ಣ ಮುಂದೆ ಬಂತು. ಗೋಡೆಯ ಮೇಲೆ ಮನುಷ್ಯದೇಹದ ಚಾರ್ಟ್. ಹೆಸರುಗಳೆಲ್ಲ ತೆಲುಗಿನಲ್ಲಿ, ಅವುಗಳ ಮೇಲೆ ಕನ್ನಡದ ಚೀಟಿ ಅಂಟಿಸಿದವಳು ನಾನೇ. ಕೋಲು ಹಿಡಿದು ಹೇಳಿಸುತ್ತಿದ್ದೆ: "ಕಿಟಕಿ ಕಡೆ ಲಿವರ್, ಅದರ ಕೆಳಗೆ ಅಪೆಂಡಿಕ್ಸ್, ಬಾಗಿಲ ಕಡೆ ಜಠರ." ಮಕ್ಕಳು ಮಗ್ಗಿ ಹೇಳುವಂತೆ ಒಟ್ಟಿಗೆ ಹೇಳುತ್ತಿದ್ದರು. ಕಿಟಕಿ ಇದ್ದದ್ದು ಮಕ್ಕಳ ಎಡಕ್ಕೆ.

ದೇಹರಚನೆಯ ಪಾಠದಲ್ಲಿ ಮೊದಲು ಕಲಿಯಬೇಕಾದದ್ದೇ ಇದು: ಎಡ ಬಲ ಅಂದರೆ ನೋಡುವವರ ಎಡ ಬಲ ಅಲ್ಲ, ಆ ದೇಹದ್ದು. ಚಿತ್ರದ ಮನುಷ್ಯ ಅಂಗೈ ಮುಂದೆ ಮಾಡಿ ನಮಗೆ ಎದುರಾಗಿ ನಿಂತಿರುತ್ತಾನೆ. ಅವನ ಬಲ ನಮ್ಮ ಎಡಕ್ಕೆ ಬರುತ್ತದೆ.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ವರ್ಷಕ್ಕೊಮ್ಮೆ, ಪಾಠದ ಮೊದಲ ದಿನ, ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತಿದ್ದೆ. ಪರೀಕ್ಷೆಯಲ್ಲಿ ಬರುವುದು 'ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಅಂತ. ಎಲ್ಲರೂ ಸರಿಯಾಗಿಯೇ ಗುರುತಿಸುತ್ತಿದ್ದರು. ನಾನೂ ಕೆಂಪು ಪೆನ್ನಿನಲ್ಲಿ ಮಾರ್ಕ್ಸ್ ಹಾಕಿ ಬೀಗುತ್ತಿದ್ದೆ. 'ನಿನ್ನ ಲಿವರ್ ಎಲ್ಲಿದೆ, ಮುಟ್ಟಿ ತೋರಿಸು' ಅಂತ ಒಂದು ಮಗುವನ್ನಾದರೂ ಕೇಳಿದ್ದೆನಾ? ಇಲ್ಲ. ಶರೀರದ ಪಾಠ ಮಾಡಿದೆ, ಆದರೆ ಯಾರಿಗೂ ತಮ್ಮ ಶರೀರ ತೋರಿಸಲಿಲ್ಲ.

ಭಾಗ್ಯಳಿಗೆ ಅಂದು ಮಧ್ಯಾಹ್ನವೇ ಆಪರೇಷನ್ ಆಯಿತು. "ಒಡೆಯುವ ಮೊದಲೇ ತಂದಿರಿ. ಹೊಟ್ಟೆ ತಿಕ್ಕಿದ್ದರೆ ಕಷ್ಟವಾಗುತ್ತಿತ್ತು" ಅಂದರು ಡಾಕ್ಟರ್.

ಅಜ್ಜಿಯೂ ಜೊತೆಗೆ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಅವರ ಪಕ್ಕ ಕೂತು, ಇದೆಲ್ಲ ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ಭಾಳ ವರ್ಷದ ಹಿಂದ ಇಂಥದೇ ಒಂದು ಕೂಸಿನ ಹೊಟ್ಟಿ ತಿಕ್ಕಿದ್ದೆ ಟೀಚರಮ್ಮ. ಬಟ್ಟಿ ಅಂತ ತಿಳಕೊಂಡು. ಮರದಿನ ಕೂಸು ಹೋತು. ಅವತ್ತಿಂದ ಬಲಗಡಿ ನೋವಂದ್ರ ನಾ ಕೈ ಇಡೂದಿಲ್ಲ."

ಅಷ್ಟರಲ್ಲಿ ಈರಮ್ಮ ಬಂದು ನನ್ನ ಕಾಲು ಮುಟ್ಟಲು ಬಗ್ಗಿದಳು. "ನೀವು ಇದ್ದುದಕ್ಕ ನನ್ನ ಮಗಳು ಉಳದ್ಲು ಮೇಡಂ." ನಾಚಿಕೆಯಿಂದ ಕುಗ್ಗಿಹೋದೆ. ತಪ್ಪು ನಂದೇ, ನಾನೇ ನಿನಗೆ ಸರಿಯಾಗಿ ಕಲಿಸಿರಲಿಲ್ಲ ಅಂದೆ.

"ಬಿಡ್ರಿ ಮೇಡಂ," ನಕ್ಕಳು, "ಮಾರ್ಕ್ಸ್ ಅಂತೂ ಬಂದಾವಲ್ಲ!"

ಮನೆಗೆ ಬಂದವಳೇ ಹಳೆಯ ಡೈರಿ ತೆಗೆದೆ. ಹಳೆಯ ವಿದ್ಯಾರ್ಥಿಗಳದ್ದು ಸಿಕ್ಕಿದ್ದು ಹದಿನಾಲ್ಕು ನಂಬರ್. ಹನ್ನೊಂದು ಜನಕ್ಕೆ ಫೋನ್ ಹತ್ತಿತು. "ಅಪೆಂಡಿಕ್ಸ್ ಯಾವ ಕಡೆ ಐತಿ, ಹೊಟ್ಟಿ ಮುಟ್ಟಿ ಹೇಳು" ಅಂತ ಕೇಳಿದೆ. ಎಂಟು ಜನ ಧೈರ್ಯವಾಗಿ ಎಡಕ್ಕೆ ಅಂದರು. ತಿದ್ದಿದೆ.

ನಾನು ಪಾಠ ಮಾಡಿದ್ದು ಹತ್ತೊಂಬತ್ತು ವರ್ಷ. ನಂಬರ್ ಸಿಗದವರ ಮನೆಯಲ್ಲಿ ಇವತ್ತು ಯಾವುದಾದರೂ ಮಗು ಬಲಗಡೆ ಹೊಟ್ಟೆ ಹಿಡಿದು ಕೂತಿದ್ದರೆ, ಅವರು ಯಾರ ಪಾಠ ನೆನಪು ಮಾಡಿಕೊಂಡು ಸುಮ್ಮನಿರುತ್ತಾರೆ?