ಮಲ್ಲಮ್ಮನ ಒಲೆಗೆ ಕೆಂಪು ಬಣ್ಣ

ಕಳೆದ ವಾರ ನಾನೊಂದು ಒಲೆ ಆರಿಸಿದೆ. ನೀರು ಹಾಕಿ ಅಲ್ಲ, ಮೌಸ್ ಹಿಡಿದು.

ನಿಮಗೆ ಗೊತ್ತೇ ಇದೆ, ಊರಾಚೆಯ ಕುಷಾಯಿಗೂಡದಿಂದ ಬಸ್ಸು ಬದಲಿಸಿ ಬದಲಿಸಿ ಅರ್ಧ ಜೀವವಾಗಿ ಆಫೀಸು ಸೇರುವವಳು ನಾನು. ಅಲ್ಲಿ ಮಾಡುವುದು ಕಾಡ್ಗಿಚ್ಚಿನ ನಕ್ಷೆ. (ಕಾಡು ಅಮೆರಿಕದ್ದು. ನಾನಿನ್ನೂ ನೋಡಿಲ್ಲ.) ಒಣಹುಲ್ಲು, ಇಳಿಜಾರು, ಗಾಳಿ, ಜನವಸತಿ ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ಒಂದೊಂದಕ್ಕೂ ಮಾರ್ಕ್ಸ್ ಕೊಟ್ಟರೆ ಕಂಪ್ಯೂಟರ್ ಬಣ್ಣ ಬಳಿಯುತ್ತದೆ. ಬೆಂಕಿಯ ಭಯವಿದ್ದಲ್ಲಿ ಕೆಂಪು, ಇಲ್ಲದಲ್ಲಿ ಹಸಿರು. ಮನುಷ್ಯರು ವಾಸವಿದ್ದಲ್ಲಿ ಕೆಂಪು ಜಾಸ್ತಿ. ಬೆಂಕಿ ಹಚ್ಚುವವರು ನಾವೇ ತಾನೇ?

ನಮ್ಮ ಅಡ್ಮಿನ್ ಮ್ಯಾನೇಜರ್‌ಗೆ ಫೈರ್ ಸೇಫ್ಟಿ ತಪಾಸಣೆಯ ಚಿಂತೆ ಹತ್ತಿತು. "ಮೇಡಂ, ಅಮೆರಿಕಕ್ಕೆ ಮಾಡ್ತೀರಿ, ನಮ್ಮ ಕ್ಯಾಂಪಸ್‌ಗೂ ಒಂದು ಮಾಡಿಕೊಡಿ" ಅಂದರು ತಮ್ಮ ದಖನಿ ಹಿಂದಿಯಲ್ಲಿ. ಸುಸ್ತಾಗಿತ್ತು. ಹೊಸದಾಗಿ ಯೋಚಿಸುವವರು ಯಾರು? ಕಾಡಿನ ಲೆಕ್ಕವನ್ನೇ ಕ್ಯಾಂಪಸ್‌ಗೂ ಹಾಕಿ ಪ್ರಿಂಟ್ ಕೊಟ್ಟೆ. ಎಲ್ಲ ಹಸಿರು. ಕಾಂಪೌಂಡಿನ ಅಂಚಿನಲ್ಲಿ, ಒಣಹುಲ್ಲಿನ ನಡುವೆ ಇರುವ ತಗಡಿನ ಶೆಡ್ಡುಗಳು ಮಾತ್ರ ಕೆಂಪು.

ಅಲ್ಲಿರುವುದು ನಮ್ಮ ಹೊಸ ಬ್ಲಾಕ್ ಕಟ್ಟುತ್ತಿರುವ ಯಾದಗಿರಿ ಕಡೆಯ ಕೂಲಿಯವರು. ಅವರಲ್ಲೊಬ್ಬಳು ಮಲ್ಲಮ್ಮ. ಈ ತೆಲುಗು ಊರಲ್ಲಿ ದಿನಾ ನನ್ನ ಜೊತೆ ಕನ್ನಡ ಮಾತಾಡುವವಳು ಅವಳೊಬ್ಬಳೇ. ಮರುದಿನ ಗೇಟಿನಲ್ಲೇ ತಡೆದಳು.

"ಅಕ್ಕಾರ, ಇವತ್ತಿಂದ ಒಲಿ ಹಚ್ಚಬ್ಯಾಡ ಅಂತಾರ್ರಿ. ಅದೇನೋ ನಕ್ಷಾದಾಗ ಬಂದೈತಂತ. ಸಣ್ಣ ಕೂಸು ಐತಿ, ರೊಟ್ಟಿ ಎಲ್ಲಿ ಬಡೀಲಿ? ನೀವರೆ ಒಂದ್ ಮಾತು ಹೇಳ್ರಿ."

ನಕ್ಷೆ ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ.

ಮೇಲೆ ಹೋಗಿ ನಕ್ಷೆ ತೆರೆದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಜನರೇಟರ್ ಶುರುವಾಯಿತು. ಅಯ್ಯೋ, ಡೀಸೆಲ್! ನಮ್ಮ ಕಿಟಕಿಯ ಕೆಳಗೇ ಡ್ರಮ್ಮುಗಟ್ಟಲೆ ಡೀಸೆಲ್ ಇದೆ. ಅದರ ಪಕ್ಕ ನಿಂತೇ ನಮ್ಮ ಸಾಫ್ಟ್‌ವೇರ್ ಮಂದಿ ಸಿಗರೇಟ್ ಸೇದುತ್ತಾರೆ. ನನ್ನ ನಕ್ಷೆಯಲ್ಲಿ ಮಾತ್ರ ಅಲ್ಲಿ ಅಪ್ಪಟ ಹಸಿರು. ಯಾಕೆ? ಕಾಡಿನಲ್ಲಿ ಡೀಸೆಲ್ ಇರುವುದಿಲ್ಲವಲ್ಲ!

ಡೀಸೆಲ್ ಸೇರಿಸಿ ಹೊಸ ನಕ್ಷೆ ಮಾಡಿದೆ. ಈ ಸಲ ನಮ್ಮ ಕಟ್ಟಡವೇ ಕೆಂಪು, ಮ್ಯಾನೇಜರ್ ಕುರ್ಚಿ ಸಮೇತ.

"ಇಷ್ಟು ಕೆಂಪು ನಕ್ಕೋ, ಬೇಡವೇ ಬೇಡ ಮೇಡಂ, ತಪಾಸಣೆಯವರು ಬರ್ತಾರೆ. ಹಳೇದೇ ಇರಲಿ" ಅಂದರು ಮ್ಯಾನೇಜರ್.

"ಮತ್ತೆ ಡೀಸೆಲ್?"

"ಅದಿಲ್ಲದೆ ನಿಮ್ಮ ಕಂಪ್ಯೂಟರ್ ಹೇಗೆ ಓಡುತ್ತೆ?"

ಹೋಗಲಿ, ಶೆಡ್ಡಿನ ಸುತ್ತಲ ಹುಲ್ಲನ್ನಾದರೂ ಕೊಯ್ಸಿ, ಒಲೆ ಇರಲಿ ಅಂದೆ. ಅದಕ್ಕೆ ಬಜೆಟ್ ಇಲ್ಲವಂತೆ. ವಾದ ಮಾಡಿದೆ, ಸೋತೆ. (ಈಗೀಗ ಅಭ್ಯಾಸವಾಗಿದೆ.)

ಹಳೆಯ ನಕ್ಷೆ ಕಟ್ಟು ಹಾಕಿಸಿಕೊಂಡು ರಿಸೆಪ್ಷನ್ ಗೋಡೆ ಏರಿದೆ. ಮಲ್ಲಮ್ಮನ ಒಲೆಯ ಕಲ್ಲುಗಳು ಮಸಿ ಮೆತ್ತಿಕೊಂಡು ಹಾಗೇ ಬಿದ್ದಿವೆ. ನನ್ನನ್ನು ಕಂಡಾಗಲೆಲ್ಲ ಅವಳು "ಏನಂದ್ರು ಅಕ್ಕಾರ?" ಎನ್ನುತ್ತಾಳೆ.

ದಿನವಿಡೀ ಡೀಸೆಲ್ ಉರಿಸುವ ನಾವು ಹಸಿರು, ರೊಟ್ಟಿಗೆ ಉರಿ ಹಚ್ಚುವ ನೀನು ಕೆಂಪು ಅಂತ ಅವಳಿಗೆ ಯಾವ ಬಾಯಲ್ಲಿ ಹೇಳಲಿ?